ಉಳಿವೆಪ್ಪನ ಎಡಗೈ

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ಉಳಿವೆಪ್ಪನ ಸೈಕಲ್ ಅಂಗಡಿಯಿತ್ತು. ದಿನವೆಲ್ಲ ಟ್ಯೂಬಿಗೆ ಗಾಳಿ ಹಾಕುವುದು, ನಾಟಕವಿದ್ದಾಗ ಹಾರ್ಮೋನಿಯಮ್ಮಿಗೆ ಗಾಳಿ ಹಾಕುವುದು. ಗಾಳಿಯನ್ನು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಕಸುಬೇ ಇರಲಿಲ್ಲ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಹೀಗಾಗಿ ನಾನು ಸಾಲಿ ಮಾಸ್ತರ, ಅವನು ಪೇಟಿ ಮಾಸ್ತರ. ಅವನು ಸ್ವರ ಹಿಡಿದರೆ ಇಡೀ ಓಣಿ ಸುಮ್ಮನಾಗುತ್ತಿತ್ತು. ನಾನು ಬೆತ್ತ ಹಿಡಿದರೂ ನಾಲ್ಕನೆಯ ಇಯತ್ತೆ ಸುಮ್ಮನಾಗುತ್ತಿರಲಿಲ್ಲ. ನಾಟಕಗಳಲ್ಲಿ ನನ್ನ ಕೆಲಸ ತೆರೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮಾತು ಹೇಳಿಕೊಡುವುದು.

ಸುತ್ತಲಿನ ಊರುಗಳ ನಾಟಕಗಳಿಗೆಲ್ಲ ಹಿರೇಕೆರೂರಿನ ಫಕ್ಕೀರವ್ವನೇ ನಾಯಕಿ. ಆಕೆಯ ಹಾಡಿಗೆ ಹದಿನೆಂಟು ವರ್ಷ ಉಳಿವೆಪ್ಪನೇ ಪೇಟಿ ಬಾರಿಸಿದ್ದ. ಎಂಬತ್ತೈದನೆಯ ಇಸವಿಯಲ್ಲಿ ಆಕೆ ಶಿಗ್ಗಾಂವಿಯ ಬಂದೇಸಾಬನ ಕ್ಲಾರಿಯೋನೆಟ್ ಕೇಳಿ ಬಂದಳು. ಬಂದವಳೇ ನೇರವಾಗಿ ಸೈಕಲ್ ಅಂಗಡಿಗೆ ಬಂದಳು.

"ನಾ ಅಳೂ ಮುಂದ ದನಿ ಜಾರಬೇಕ್ರಿ ಮಾಸ್ತರ್ರ. ನಿಮ್ಮ ಪೇಟಿ ಒಂದು ಸ್ವರದಿಂದ ಇನ್ನೊಂದಕ್ಕ ಬೇಲಿ ಜಿಗದಂಗ ಜಿಗಿತೈತಿ. ಇದೊಂದು ನಾಟಕ ನೋಡತೇನಿ. ಆಮ್ಯಾಲ ಬಂದೇಸಾಬ."

ಮಾತು ಸುಳ್ಳಲ್ಲ. ಪೇಟಿಯಲ್ಲಿ ಬೆರಳಿನಿಂದ ಒತ್ತುವ ಎರಡು ಮನೆಗಳ ನಡುವೆ ಗೋಡೆಯಿದೆ, ಅಲ್ಲಿ ಜಾರಲು ದಾರಿಯಿಲ್ಲ. ಉಳಿವೆಪ್ಪ ಮೂರು ದಿನ ಪಂಕ್ಚರ್ ಹಚ್ಚಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದುಕೊಂಡು ಸವಣೂರಿನ ಬಸ್ ಹತ್ತಿದ.

ಸವಣೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಸಿರಾಜುದ್ದೀನನ ಬಳಿ ಎರಡು ಸಿಂಥಸೈಜರ್, ಅಂದರೆ ಕರೆಂಟಿನ ಪೇಟಿ, ಮಾರಾಟಕ್ಕಿದ್ದವು. ಅವನ ಭಾವ ಮುಂಬಯಿಯಲ್ಲಿ ಹಡಗಿನವರಿಂದ ಕೊಂಡು ಕಳಿಸಿದ್ದು. ಯಾವ ಕಂಪನಿಯದಿದ್ದರೂ ಜನ ಅವನ್ನು ಕ್ಯಾಸಿಯೋ ಎಂದೇ ಕರೆಯುತ್ತಿದ್ದರು. ಮೊದಲನೆಯದರಲ್ಲಿ ಒಂದು ಗುಂಡಿ ಒತ್ತಿದರೆ ಡೋಲು, ತಬಲಾ, ಗಿಟಾರು ಎಲ್ಲ ತಾವಾಗಿಯೇ ಬಾರಿಸಿಕೊಳ್ಳುತ್ತಿದ್ದವು. ನಾವು ಚಹಾ ಕುಡಿದು ಬಂದರೂ ಅವು ನಿಂತಿರಲಿಲ್ಲ. ಎರಡನೆಯದು ಕರೀ ಡಬ್ಬಿ, ಮೈತುಂಬ ತಿರುಪುಗಳು. ಅವುಗಳ ಮೇಲಿನ ಇಂಗ್ಲಿಷನ್ನು ನಾನು ಸ್ಪಷ್ಟವಾಗಿ ಓದಿ ಹೇಳಿದೆ. ಅರ್ಥ ನನಗೂ ಆಗಲಿಲ್ಲ, ಅವನು ಕೇಳಲೂ ಇಲ್ಲ. ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು.

ನಾನು, ಸಿರಾಜುದ್ದೀನ, ಚಹಾ ತಂದವನು, ಮೂವರೂ ಮೊದಲನೆಯದನ್ನೇ ಆರಿಸಿದೆವು. ಉಳಿವೆಪ್ಪ ಕರೀ ಡಬ್ಬಿಯ ಎಡಮೂಲೆಯಲ್ಲಿ ಅರ್ಧ ಹೂತಿದ್ದ ಒಂದು ಸಣ್ಣ ಗಾಲಿಯನ್ನು ನೋಡುತ್ತಿದ್ದ. ಬಲಗೈಯಿಂದ ಒಂದು ಮನೆ ಒತ್ತಿ, ಎಡಗೈಯಿಂದ ಗಾಲಿಯನ್ನು ಮೆಲ್ಲಗೆ ತಿರುವಿದ. ಸ್ವರ ಎಣ್ಣೆಯಲ್ಲಿ ಅದ್ದಿದ ಹಾಗೆ ಮೇಲಕ್ಕೆ ಜಾರಿತು.

ಸಿರಾಜುದ್ದೀನ ಒಳ್ಳೆಯ ಮನುಷ್ಯ, ಎಚ್ಚರಿಕೆ ಕೊಟ್ಟ. "ಉಳಿವೆಪ್ಪಣ್ಣ, ಅದನ್ನ ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ."

"ಅವರ್ಯಾರೂ ಫಕ್ಕೀರವ್ವನ ಕೈಯಾಗ ಸಿಕ್ಕಿಲ್ಲ ಬಿಡು" ಎಂದು ಉಳಿವೆಪ್ಪ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ.

ರವಿವಾರ ನಮ್ಮ ಸಾಲಿಯ ಕೋಣೆಯಲ್ಲಿ ತಾಲೀಮು. ನಾಯಕಿ ಗಂಡನ ಹೆಣದ ಮೇಲೆ ಬಿದ್ದು ಅಳುವ ಪ್ರವೇಶ. ಗಂಡನ ಪಾತ್ರದ ಹುಸೇನಸಾಬ ಹೆಣವಾಗಿ ಮಲಗಿದ. ಫಕ್ಕೀರವ್ವ ದನಿ ಎತ್ತಿದಳು, ಉಳಿವೆಪ್ಪ ಬಾರಿಸತೊಡಗಿದ. ಇಪ್ಪತ್ತೈದು ವರ್ಷ ಪೇಟಿಯ ತಿದಿ ಒತ್ತಿದ ಎಡಗೈ ಅದು. ಬಲಗೈ ಆಡತೊಡಗಿದರೆ ತಾನೂ ಆಡಬೇಕು ಎಂಬುದೊಂದೇ ಅದಕ್ಕೆ ಗೊತ್ತು. ಒತ್ತಲು ತಿದಿಯಿಲ್ಲದ್ದರಿಂದ ಅದು ಗಾಲಿಯನ್ನೇ ಹಿಡಿದು ತಿದಿಯ ಹಾಗೆ ಒತ್ತುತ್ತ, ಬಿಡುತ್ತ ಹೋಯಿತು. ಒಂದೊಂದು ಸ್ವರವೂ ಬ್ಯಾ ಬ್ಯಾ ಎಂದಿತು. ಹೆಣದ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಅದು ಎದ್ದು ಹೊರಗೆ ಓಡಿತು.

ಫಕ್ಕೀರವ್ವ ಕಣ್ಣೊರೆಸಿಕೊಂಡು ಕೇಳಿದಳು: "ಮಾಸ್ತರ್ರ, ಇಲ್ಲಿ ಸತ್ತಿದ್ದು ನನ್ನ ಗಂಡನೋ, ಹೋತನೋ?"

ನಾಟಕಕ್ಕೆ ಹದಿನೈದು ದಿನವಿತ್ತು. ಉಳಿವೆಪ್ಪ ಕೈಗೆ ಬುದ್ಧಿ ಹೇಳಿದ, ಬೈದ, ಸೈಕಲ್ ಟ್ಯೂಬಿನಿಂದ ಕಟ್ಟಿಯೂ ನೋಡಿದ. ಟ್ಯೂಬು ರಬ್ಬರಲ್ಲವೇ, ಅದರೊಳಗೂ ಕೈ ಆಡಿತು. ಆಮೇಲೆ ಅವನ ಹೆಂಡತಿ ಅನ್ನವ್ವ ರೊಟ್ಟಿ ಬಡಿಯುತ್ತಲೇ ಉಪಾಯ ಹೇಳಿದಳು. "ಅದರ ಮ್ಯಾಲ ಕುಂದರ್ರಿ. ಬೇಕಾದಾಗ ತಗೀರಿ."

ಹಾಗೆಯೇ ಸಾಧಿಸಿದ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಕುಳಿತು ಬಾರಿಸುವುದು; ಜಾರುವ ಜಾಗ ಬಂದಾಗ ಕೈಯನ್ನು ಹೊರಗೆ ತೆಗೆದು, ಗಾಲಿಯನ್ನು ಒಂದು ಸಲ ತಿರುವಿ, ಮತ್ತೆ ಒಳಗೆ ಹಾಕುವುದು.

ನಾಟಕದ ದಿನ ಮೊದಲನೆಯ ಅಂಕದಲ್ಲಿಯೇ ಫಕ್ಕೀರವ್ವನ ದನಿ ಜಾರಿತು. ರಂಗದ ಮುಂದೆ ಕುಳಿತಿದ್ದ ಉಳಿವೆಪ್ಪನ ಕೈ ಹೊರಗೆ ಬಂತು, ಸ್ವರ ಆಕೆಯ ದನಿಯ ಬೆನ್ನು ಹತ್ತಿ ಜಾರಿತು. ಮಂದಿ ಮುಂದಕ್ಕೆ ಬಾಗಿ ಕೇಳಿತು. ಎರಡನೆಯ ಸಲ ಮುಂದಿನ ಸಾಲಿನವರಿಗೆ ಗುಟ್ಟು ತಿಳಿಯಿತು. ಮೂರನೆಯ ಸಲ ಕೈ ಇನ್ನೂ ತೊಡೆಯ ಕೆಳಗಿರುವಾಗಲೇ ಸಿಳ್ಳು ಬಿದ್ದವು. ಕೈ ಯಾವಾಗ ಹೊರಬೀಳುವುದೆಂದು ಇಡೀ ಮಂದಿ ಆ ಕಡೆಗೇ ಕಣ್ಣು ನೆಟ್ಟಿತ್ತು.

ಆ ಅಂಕದ ತೆರೆ ಬಿದ್ದೊಡನೆ ಫಕ್ಕೀರವ್ವ ಅವನ ಮುಂದೆ ಬಂದು ನಿಂತಳು. "ಸ್ವರ ಛಲೋ ಬಂತ್ರಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಾ ಗಂಡ ಸತ್ತಾನಂತ ಅಳಾಕತ್ರ, ಮಂದಿ ನಿಮ್ಮ ಕುಂಡಿ ನೋಡಾಕತ್ತೈತಲ್ಲ."

ಉಳಿವೆಪ್ಪ ತಲೆ ತಗ್ಗಿಸಿದ.  ಆಕೆ ವೇಷದ ಟ್ರಂಕಿನಿಂದ ರಾಜನ ಜರಿ ಶಾಲು ತೆಗೆದುಕೊಂಡಳು. ತೆರೆ ಎದ್ದಾಗ, ಎಲ್ಲರೆದುರಿಗೆ ನಡೆದು ಬಂದು, ಅದನ್ನು ಅವನ ತೊಡೆಯ ಮೇಲೆ ಕೈ ಮುಚ್ಚುವಂತೆ ಹರವಿದಳು. ಮಂದಿ ಇದನ್ನು ಸನ್ಮಾನವೆಂದು ತಿಳಿದು ಚಪ್ಪಾಳೆ ತಟ್ಟಿತು. ಪಂಚಾಯ್ತಿ ಚೇರ್ಮನ್ನರು ಎದ್ದು ಬಂದು ತಮ್ಮ ಕೊರಳಿನ ಹಾರವನ್ನೂ ಹಾಕಿ, ಎರಡು ಮಾತು ಆಡಿಯೇ ಕುಳಿತರು. ಇಪ್ಪತ್ತೈದು ವರ್ಷ ಪೇಟಿ ಬಾರಿಸಿದಾಗ ಯಾರೂ ಒಂದು ಕರವಸ್ತ್ರ ಸಹ ಹೊದಿಸಿರಲಿಲ್ಲ.

ನಾಟಕ ಮುಗಿದ ಮೇಲೆ ಫಕ್ಕೀರವ್ವ ಶಾಲನ್ನು ಮಡಚಿ ಟ್ರಂಕಿಗೆ ಹಾಕಿಕೊಂಡಳು. ಬಂದೇಸಾಬನ ಮಾತನ್ನು ನಾವ್ಯಾರೂ ಎತ್ತಲಿಲ್ಲ. ಆಕೆಯೇ ಹೊರಡುವಾಗ ಹೇಳಿದಳು: "ಮುಂದಿನ ನಾಟಕಕ್ಕ ಬರೂ ಮುಂದ ಶಾಲು ನೀವ ತರ್ರಿ ಮಾಸ್ತರ್ರ. ಇದು ರಾಜಂದು."

ಮರುದಿನ ಸೈಕಲ್ ಅಂಗಡಿ ಮುಚ್ಚಿತ್ತು. ಉಳಿವೆಪ್ಪ ಶಾಲು ತರಲು ಹೋಗಿದ್ದ.