ಪಕ್ಕದ ಮನೆಯ ಅಟ್ಟ ಖಾಲಿ ಮಾಡಿದ್ದು

ಪರದೇಶಕ್ಕೆ ಬಂದು, ಲೂಕನ್ ಎಂಬ ಊರಿನಲ್ಲಿ ಮನೆ ಕೊಂಡ ಮೇಲೆ ಬಂದ ಮೊದಲ ಚಳಿಗಾಲ. ನನಗೆ ಬಂದ ಪಾರ್ಸೆಲ್ ಒಂದನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದರು. ತರಲು ಹೋದೆ. ಬಾಗಿಲು ತೆರೆದ ಅಜ್ಜಿ ದಪ್ಪ ಕೋಟು, ಉಣ್ಣೆಯ ಟೋಪಿ, ಮಫ್ಲರ್ ಎಲ್ಲ ಹಾಕಿಕೊಂಡಿದ್ದರು.

“ಎಲ್ಲಿಗೋ ಹೊರಟಿದ್ದೀರಿ ಅನ್ಸತ್ತೆ. ಆಮೇಲೆ ಬರ್ತೀನಿ,” ಎಂದೆ.

“ಎಲ್ಲೂ ಇಲ್ಲಮ್ಮ, ಟೀ ಮಾಡ್ತಾ ಇದ್ದೆ. ಬಾ ಒಳಗೆ.”

ಒಳಗೆ ಕಾಲಿಟ್ಟ ಕೂಡಲೇ ಕೋಟಿನ ಅರ್ಥವಾಯಿತು. ಎರಡೂ ಮನೆಗೆ ನಡುಗೋಡೆ ಒಂದೇ, ಹವಾಮಾನ ಮಾತ್ರ ಬೇರೆ! ಅವರಿಗೆ ಎಂಬತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಅಡುಗೆಮನೆಯೊಂದನ್ನೇ ಬೆಚ್ಚಗಿಟ್ಟುಕೊಂಡು, ಆರಾಮಕುರ್ಚಿಯನ್ನೂ ಟಿವಿಯನ್ನೂ ಅಲ್ಲಿಗೇ ತಂದು ಕೂತುಬಿಟ್ಟಿದ್ದರು. ಚಳಿಯಾಗುವುದಿಲ್ಲವೇ ಎಂದು ಕೇಳಿದರೆ, “ಐ ಆಮ್ ಗ್ರ್ಯಾಂಡ್,” ಎಂದರು. ಈ ದೇಶದಲ್ಲಿ ಆ ಮಾತಿಗೆ ಚೆನ್ನಾಗಿದ್ದೇನೆ ಎಂಬ ಅರ್ಥವೂ ಇದೆ, ಇನ್ನು ಕೇಳಬೇಡ ಎಂಬ ಅರ್ಥವೂ ಇದೆ.

ಆದರೂ ನನ್ನ ಮನಸ್ಸು ತಡೆಯಲಿಲ್ಲ. ಲೈಬ್ರರಿಯಲ್ಲಿ ವಿಚಾರಿಸಿದೆ. ಇಂಥ ಹಿರಿಯರ ಮನೆಯ ಅಟ್ಟಕ್ಕೆ ಸರ್ಕಾರವೇ ಬಿಸಿ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ಹಾಕಿಸಿಕೊಡುತ್ತದೆ, ಬಚ್ಚಲುಮನೆ ಬದಲಾಯಿಸಿಕೊಳ್ಳಲು ಊರಿನ ಕೌನ್ಸಿಲ್ ಸಹಾಯಧನ ಕೊಡುತ್ತದೆ ಎಂದು ಗೊತ್ತಾಯಿತು. ಎರಡು ಅರ್ಜಿ ಹಿಡಿದು ಮತ್ತೆ ಅವರ ಅಡುಗೆಮನೆಗೆ ಹೋದೆ.

“ನನಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ,” ಎಂದರು ಅವರು.

“ನೀವು ಜೀವನ ಪೂರ್ತಿ ದುಡಿದು ಟ್ಯಾಕ್ಸ್ ಕಟ್ಟಿದ್ದೀರಿ. ಇದೇನು ದಾನ ಅಲ್ಲ.”

ಈ ಮಾತು ನಾಟಿತು. ಕನ್ನಡಕ ಹುಡುಕಿ ತಂದು, ಇನ್ಸುಲೇಷನ್ ಅರ್ಜಿಯ ಮೂರು ಪುಟ ಒಂದೂ ಚಿತ್ತಿಲ್ಲದೆ ತುಂಬಿದರು. ನಾಲ್ಕನೆಯ ಪುಟದಲ್ಲಿ, ಕೆಲಸದವರು ಬರುವ ಮುಂಚೆ ಅಟ್ಟ ಖಾಲಿಯಿರಬೇಕು ಎಂದಿತ್ತು. ಪೆನ್ನು ಕೆಳಗಿಟ್ಟರು. “ಇದು ಬೇಡ ಬಿಡಮ್ಮ,” ಎಂದು ಎದ್ದು ಕೆಟಲ್ ತೊಳೆಯತೊಡಗಿದರು. ಕೆಟಲ್ ಆಗಲೇ ಶುಭ್ರವಾಗಿತ್ತು.

ನಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ಒದ್ದಾಡಿದೆ. “ನಿಂಗ್ಯಾಕೆ ಬೇಕಿತ್ತು ಊರ ಉಸಾಬರಿ?” ಎಂದು ಗಂಡ ಬೈದ. ಹತ್ತು ದಿನವಾದ ಮೇಲೆ ಅಜ್ಜಿಯೇ ನಮ್ಮ ಬಾಗಿಲು ತಟ್ಟಿದರು.

“ಅಟ್ಟದಲ್ಲಿ ಏನಿದೆ ಅಂತ ಹೇಳಿದ್ರೆ ನಗಬಾರದು.”

ಅವರು ದರ್ಜಿಯಾಗಿದ್ದವರು. ಚರ್ಚಿನ ನಾಟಕ ತಂಡಕ್ಕೆ ವರ್ಷಗಟ್ಟಲೆ ವೇಷಭೂಷಣ ಹೊಲಿದುಕೊಟ್ಟಿದ್ದರು. ತಂಡ ಮುಚ್ಚಿದಾಗ, ಬಟ್ಟೆಯನ್ನೆಲ್ಲ ಚಾರಿಟಿ ಅಂಗಡಿಗೆ ಕೊಟ್ಟುಬಿಡಿ ಎಂದು ಎಲ್ಲರೂ ಹೇಳಿದರು. ಇವರು ಹೂಂ ಎಂದು, ಗಂಡನ ಕೈಲಿ ಅಷ್ಟನ್ನೂ ಅಟ್ಟಕ್ಕೆ ಹೊರಿಸಿದ್ದರು. ಕೇಳಿದವರಿಗೆಲ್ಲ ಕೊಟ್ಟಾಯಿತು ಎಂದು ಸುಳ್ಳು ಹೇಳಿದ್ದರು.

“ಬೀದಿ ತುಂಬ ಆ ತಂಡದವರೇ ಇದ್ದಾರೆ. ಹೇಗೆ ಕೆಳಗಿಳಿಸಲಿ?”

ನಗಬಾರದು ಎಂದಿದ್ದರು, ನಾನು ನಕ್ಕೆ. ಅವರೂ ನಕ್ಕರು. “ಕದ್ದು ಯಾಕೆ ಇಳಿಸ್ಬೇಕು? ಎಲ್ಲರ ಎದುರಿಗೇ ಇಳಿಸೋಣ,” ಎಂದೆ.

ಮುಂದಿನ ಶನಿವಾರ ಬಿಸಿಲು ಬಂದಿತ್ತು. ಗಂಡ ಅಟ್ಟಕ್ಕೆ ಹತ್ತಿ ಒಂದೊಂದೇ ಪೆಟ್ಟಿಗೆ ಇಳಿಸಿದ, ನಾನು ಮನೆಯೆದುರಿನ ಹುಲ್ಲಿನ ಮೇಲೆ ಹರಡಿದೆ. ದೇವದೂತರ ರೆಕ್ಕೆಗಳು, ಸೈನಿಕರ ಕೋಟುಗಳು, ಜರಿಯ ಲಂಗಗಳು, ಒಂದು ಕತ್ತೆಯ ತಲೆ. ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ನಾಯಿ ಹಿಡಿದು ಬಂದವರು ಗೇಟಿನ ಹತ್ತಿರ ನಿಂತುಬಿಟ್ಟರು.

“ಅದು ನನ್ನ ರಾಜನ ಪಾತ್ರದ ನಿಲುವಂಗಿ ಅಲ್ವಾ? ಕೊಟ್ಟುಬಿಟ್ಟೆ ಅಂದಿದ್ರಿ!”

“ಕೊಡೋಣ ಅಂತಲೇ ಇದ್ದೆ,” ಎಂದರು ಅಜ್ಜಿ, ಮುಖ ಕೆಂಪಗೆ ಮಾಡಿಕೊಂಡು.

ಪೋಸ್ಟ್‌ಮ್ಯಾನ್ ನಾಯಿಯ ಹಗ್ಗ ನನ್ನ ಕೈಗೆ ಕೊಟ್ಟು, ಕೆಂಪು ಮಖಮಲ್ಲಿನ ನಿಲುವಂಗಿ ತೊಟ್ಟರು. ಹೊಟ್ಟೆಯ ಮೇಲೆ ಗುಂಡಿ ಸೇರಲಿಲ್ಲ. ಆದರೂ ಬಿಚ್ಚಲೊಲ್ಲದೆ, ಅದರಲ್ಲೇ ಬೀದಿಯ ಮನೆಮನೆಗೆ ಹೋಗಿ ಎಲ್ಲರನ್ನೂ ಕರೆತಂದರು. ಯಾರೂ ಸುಳ್ಳಿನ ಲೆಕ್ಕ ಕೇಳಲಿಲ್ಲ. ತಮ್ಮ ತಮ್ಮ ಬಟ್ಟೆ ಹುಡುಕಿ ತೊಡುವುದರಲ್ಲೇ ಮುಳುಗಿದ್ದರು. ನಾವು ಬಂದು ಎಂಟು ತಿಂಗಳಾದರೂ ಹೆಸರೂ ತಿಳಿಯದಿದ್ದ ನೆರೆಯವರೆಲ್ಲ ಆ ಮಧ್ಯಾಹ್ನ ಪರಿಚಯವಾದರು. ನಾನು ಮಾಡಿದ ಚಿತ್ರಾನ್ನವನ್ನು ಇಬ್ಬರು ಸೈನಿಕರು ಎರಡೆರಡು ಸಲ ಹಾಕಿಸಿಕೊಂಡರು.

ಹತ್ತಿರದ ಶಾಲೆಯವರು ಎಲ್ಲವನ್ನೂ ತೆಗೆದುಕೊಂಡರು. ಹರಿದದ್ದನ್ನು ಹೊಲಿದುಕೊಡಲು ಅಜ್ಜಿ ಈಗಲೂ ಬುಧವಾರ ಅಲ್ಲಿಗೆ ಹೋಗುತ್ತಾರೆ.

ಇನ್ಸುಲೇಷನ್ ಅರ್ಜಿಯನ್ನು ಪೂರ್ತಿ ತುಂಬಿ ಕಳಿಸಿದ್ದೆವು, ಆದರೆ ಸರ್ಕಾರದ ಕೆಲಸ ನಿಧಾನ. ಸರ್ವೆಯವರು ಬರಲು ಬೇಸಿಗೆಯಾಯಿತು, ಕೆಲಸ ಮುಗಿಯುವಷ್ಟರಲ್ಲಿ ಮತ್ತೆ ಚಳಿ. ಆದರೆ ಆ ಸಲ ಅಜ್ಜಿಯ ಕುರ್ಚಿ ಹಾಲ್‌ಗೆ ಮರಳಿತ್ತು. ಕೌನ್ಸಿಲ್‌ನ ಅರ್ಜಿಯನ್ನು ಅವರು ನನ್ನನ್ನು ಕೇಳದೆ ತಾವೇ ತುಂಬಿ ಕಳಿಸಿದ್ದರು. ಕೆಳಅಂತಸ್ತಿನಲ್ಲೇ ಸೀಟಿನ ಮೇಲೆ ಕೂತು ಸ್ನಾನ ಮಾಡುವಂಥ ಶವರ್, ಹಿಡಿಗಂಬಿ ಎಲ್ಲ ಬಂದ ದಿನ ಬೀದಿಯವರನ್ನು ಚಹಾಕ್ಕೆ ಕರೆದರು. ಚಹಾದ ಕಪ್ ಕೈಗೆ ಕೊಡುವ ಮುಂಚೆ ಒಬ್ಬೊಬ್ಬರನ್ನೇ ಶವರ್ ನೋಡಲು ಕಳಿಸಿದರು. ಪೋಸ್ಟ್‌ಮ್ಯಾನ್ ಅದರ ಸೀಟಿನ ಮೇಲೆ ಕೂತು ನೋಡಿ, ಇಂಥ ಅರ್ಜಿ ತನಗೂ ಬೇಕು ಎಂದರು. ಅಜ್ಜಿ ಕನ್ನಡಕ ಹಾಕಿಕೊಂಡು, “ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಪೆನ್ನು ತನ್ನಿ,” ಎಂದರು.