ರೇಡಿಯೋದಲ್ಲಿ ನಮ್ಮ ಅಂಗಳದ ಚುಕ್ಕಿ

ನಮ್ಮ ಮೊಮ್ಮಗಳು ರೇಡಿಯೋದಲ್ಲಿ ಮಾತಾಡಿದಳು. ಶಿಕಾರಿಪುರದ ತನ್ನ ಕಾಲೇಜಿನಿಂದ ಫೋನ್ ಹಿಡಿದು, ನೇರಪ್ರಸಾರದಲ್ಲಿ, ಡಿಜಿಟಲ್ ರೇಡಿಯೋ ಎಂದರೇನು ಎಂದು ನಾಡಿಗೆಲ್ಲ ತಿಳಿಸಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇದನ್ನು ಬರೆಯಲು ಕೂತಿದ್ದೂ ಆ ಖುಷಿ ತಡೆಯಲಾರದೆ.

ಅವಳಿಗೆ ಚಿಕ್ಕಂದಿನಿಂದ ಉಗ್ಗು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ನಮ್ಮೂರಿನ ಹೆಸರು, ಜಡೆ ಎಂಬ ಎರಡಕ್ಷರ, ಗಂಟಲಲ್ಲೇ ನಿಲ್ಲುತ್ತಿತ್ತು. ಹಿಂದಿನ ವಾರ ಹೊಸ ರೇಡಿಯೋ ತಂದು, "ಅಜ್ಜೀ, ಸ್ಟೇಷನ್ ಹಚ್ಚಿಟ್ಟಿದೀನಿ. ನೀನೇನೂ ತಿರುಗ್ಸಕ್ಕೆ ಹೋಗ್ಬೇಡ" ಎಂದು ಹೇಳಿ ಹೋಗಿದ್ದಳು.

ಮಗ, ಸೊಸೆ ಸೊರಬಕ್ಕೆ ಕೆಲಸಕ್ಕೆ ಹೋಗಿದ್ದರು. ಹನ್ನೊಂದಕ್ಕೆ ನಾವು ಮುದುಕರಿಬ್ಬರೇ ಸೆಟ್ಟು ಹಾಕಿದೆವು. ಸದ್ದೇ ಇಲ್ಲ. ನಮ್ಮ ಹಳೇ ಸೆಟ್ಟಾದರೆ ಗೊರಗೊರ ಅನ್ನುತ್ತಿತ್ತು, ಜೀವವಿದೆ ಎಂದು ಗೊತ್ತಾಗುತ್ತಿತ್ತು. ಕೈ ಸುಮ್ಮನಿರದೆ ಗುಂಡಿ ತಿರುಗಿಸಿಬಿಟ್ಟೆ. ಪರದೆಯಲ್ಲಿ ಆಗಷ್ಟೇ ಮೂಡುತ್ತಿದ್ದ ಅಕ್ಷರವೂ ಹೋಯಿತು.

"ಮಾಡಿದ್ಯಾ ಕೆಲ್ಸ," ಎಂದರು ನಮ್ಮ ಯಜಮಾನರು. "ಮೊಸರು ಕಡದಂಗೆ ಇನ್ನೂ ತಿರುಗ್ಸು."

"ನೀವೇ ಹಚ್ರೀ ನೋಡಾಣ."

ಅವರು ಕೂದಲೆಳೆಯಷ್ಟು ಹಿಂದಕ್ಕೆ ತಂದು ಕೈ ತೆಗೆದರು. ಸೆಟ್ಟು ಹುಡುಕುತ್ತಾ ಕೂತಿತು. ನಾನು ಮತ್ತೆ ಚಾಚಿದ ಕೈಗೆ ಒಂದು ಏಟು ಬಿತ್ತು. ಕೊನೆಗೆ ಅಕ್ಷರ ಮೂಡಿತು. ಒಂದೊಂದೇ ಕೂಡಿಸಿ ಓದಿದೆ: ಕಾಲೇಜು ವಿದ್ಯಾರ್ಥಿನಿಯ ಮಾತು. "ಹೇಳಮ್ಮ, ಇದು ಹೇಗೆ ಕೆಲಸ ಮಾಡುತ್ತೆ?" ಎಂದು ನಿಲಯದವರು ಕೇಳಿದ್ದು ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಆಮೇಲೆ ಮೌನ.

"ಮತ್ತೆ ಹೋಯ್ತು," ಎಂದರು ಯಜಮಾನರು.

ಅಕ್ಷರ ಹಾಗೇ ಇತ್ತು. ಸೆಟ್ಟು ಹೋಗಿರಲಿಲ್ಲ. ಆ ಮೌನ ಅವಳದು. ಗೊರಗೊರ ಇದ್ದಿದ್ದರೆ ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು. ಇಲ್ಲಿ ಅವಳು ಎಳೆದುಕೊಂಡ ಉಸಿರೂ ಕೇಳುತ್ತಿತ್ತು. ನಾನು ಸೆರಗು ಕಚ್ಚಿ ಕೂತೆ.

"ನ... ನಮ್ಮಜ್ಜಿ ಅಂಗಳದಲ್ಲಿ ರಂಗೋಲಿ ಹಾಕ್ತಾರೆ," ಎಂದಳು.

ಹಾಕಿದ ರಂಗೋಲಿಯನ್ನೇ ಹೊರಿಸಿ ಕಳಿಸಿದರೆ ದಾರಿಯಲ್ಲಿ ಗಾಳಿಗೆ ಕಲಸಿಹೋಗುತ್ತದಂತೆ, ಹಳೇ ರೇಡಿಯೋ ಹಾಗೆ. ಎಷ್ಟು ಸಾಲು, ಎಷ್ಟು ಚುಕ್ಕಿ ಎಂದು ಲೆಕ್ಕ ಕಳಿಸಿದರೆ ಆ ತುದಿಯವರು ಹೊಸದಾಗಿ ಹಾಕಿಕೊಳ್ಳುತ್ತಾರೆ. ಒಂದೆರಡು ಚುಕ್ಕಿ ಬಿದ್ದುಹೋದರೂ ಉಳಿದದ್ದರಿಂದ ತುಂಬಿಕೊಳ್ಳಬಹುದು. ತುಂಬಾ ಹೋದರೆ ಮಾತ್ರ ಪೂರ್ತಿ ಮೌನ. ಧ್ವನಿಯನ್ನೂ ಹಾಗೇ ಅಂಕಿ ಮಾಡಿ ಕಳಿಸುತ್ತಾರೆ. ಅಂಕಿ ಕೂಡಿಸಲು ಸೆಟ್ಟಿಗೆ ತುಸು ಹೊತ್ತು ಬೇಕು, ಆದರೆ ಗೊರಗೊರ ಇಲ್ಲ. ಒಂದು ಸ್ಟೇಷನ್ನಿನ ಜಾಗದಲ್ಲೇ ಎರಡು ಮೂರು ಸ್ಟೇಷನ್ನು, ಜೊತೆಗೆ ಪರದೆಯಲ್ಲಿ ಅಕ್ಷರ. ನಡುವೆ ಎರಡು ಕಡೆ ತಡೆದಳು. ಬಿಡಲಿಲ್ಲ, ಮುಗಿಸಿದಳು.

ಸಂಜೆ ಬಸ್ಸಿಗೆ ಬಂದಳು. ಮಗ, ಸೊಸೆ, ನಾವಿಬ್ಬರು, ಅವಳು, ಒಟ್ಟಿಗೆ ಎಲೆ ಹಾಕಿ ಕೂತೆವು.

"ಅಜ್ಜೀ, ಗುಂಡಿ ಮುಟ್ಟಿದ್ಯಾ?" ಒಂದೇ ಉಸಿರಲ್ಲಿ ಕೇಳಿದಳು.

ಯಜಮಾನರು ನನ್ನ ಮುಖ ನೋಡಿದರು. ನಾನು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟೆ. ಎಲ್ಲರೂ ನಗುತ್ತಲೇ ಉಂಡೆವು.