ಗೋಡೆಯ ಮೇಲೆ ಅಪ್ಪನ ಬೆನ್ನು

ಹೊಸಪೇಟೆಯ ಬಸ್ ನಿಲ್ದಾಣದ ಪಕ್ಕದ ಉದ್ದನೆಯ ಗೋಡೆಯ ಮೇಲೆ ನಮ್ಮ ಸೀಮೆಯ ಚರಿತ್ರೆಯನ್ನು ಸಿಮೆಂಟಿನ ಉಬ್ಬುಚಿತ್ರವಾಗಿ ಮಾಡುವ ಕೆಲಸ ಸಿಕ್ಕಾಗ ನನಗೆ ಮೊದಲು ಬಂದದ್ದು ಖುಷಿಯಲ್ಲ, ದಿಗಿಲು. ಗೋಡೆ ಬಿರುಕು ಬಿಟ್ಟರೆ? ಅರಸರ ಕುದುರೆ ಕತ್ತೆಯಂತೆ ಕಂಡರೆ? ಹೇಗೋ ಹಂಪಿಯ ಅರಸರು ಮುಗಿದರು, ಕಂಪ್ಲಿಯ ಕಬ್ಬಿನ ಗದ್ದೆಯೂ ಮುಗಿಯಿತು. ಉಳಿದದ್ದು ನಡುವಿನ ಅಣೆಕಟ್ಟು, ಅದರ ಬುಡದಲ್ಲಿ ಕಲ್ಲು ಹೊರುವ ಕೂಲಿಗಳು.

ಅಪ್ಪ ಆ ಅಣೆಕಟ್ಟಿಗೆ ಕಲ್ಲು ಹೊತ್ತವನು. ನಾನು ತೊಟ್ಟಿಲಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅವನದೊಂದು ಫೋಟೋ ಇಲ್ಲ.

"ಆ ರಾಜರ್ನ ನೀ ಕಂಡೀಯೇನು? ಅವರಿಗೆಲ್ಲ ಮಕ ಮಾಡೀದಿ. ನಿಮ್ಮಪ್ಪಗೂ ಒಂದು ಮಾಡು," ಎಂದಳು ಅವ್ವ.

ಮರುದಿನ ಗೋಡೆಯೆದುರು ಗೋಣಿಚೀಲ ಹಾಸಿ ಅವಳನ್ನು ಕೂರಿಸಿದೆ. ಹಸಿ ಸಿಮೆಂಟಿನಲ್ಲಿ ಮೂಗು ಎತ್ತಿದೆ. "ಹಿಂಗಲ್ಲ" ಎಂದಳು. ಇಳಿಸಿದೆ. "ಇವ ನಿಮ್ಮ ಸೋದರಮಾವನಂಗ ಅದಾನ. ಬ್ಯಾಡ, ತೆಗಿ."

ಬಿಸಿಲೇರುತ್ತಿತ್ತು. "ಜಲ್ದಿ ಹೇಳಬೇ, ಗಟ್ಟಿ ಆಗ್ತೈತಿ!"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮಕ ಮರ್ತು ಹೋಗೇತಿ ಮಗಾ. ಕತ್ತಲಾಗ ಹೋಗ್ತಿದ್ರು, ಕತ್ತಲಾಗ ಬರ್ತಿದ್ರು. ಬಂದು ನನ್ನ ಕಡಿ ಬೆನ್ನು ಮಾಡಿ ಕುಂದ್ರತಿದ್ರು, ನಾನು ಎಣ್ಣಿ ತಿಕ್ಕತಿದ್ದೆ. ಬೆನ್ನಾದ್ರ ಹೇಳ್ತೀನಿ."

ಮುಖ, ಎದೆ ಎಲ್ಲವನ್ನೂ ಕರಣೆಯಿಂದ ಹೆರೆದು ಹಾಕಿ, ಅಪ್ಪನನ್ನು ಗೋಡೆಯತ್ತ ತಿರುಗಿಸಿ ನಿಲ್ಲಿಸಿದೆ. ಈಗ ಅವ್ವ ತಡವರಿಸಲಿಲ್ಲ. ಎಡಹೆಗಲು ತುಸು ಇಳಿಸು ಅಂದಳು. ಕುತ್ತಿಗೆಯ ಕೆಳಗೆ ಕಲ್ಲು ಹೊತ್ತು ಜಡ್ಡುಗಟ್ಟಿದ ಗಂಟು ಇಡಿಸಿದಳು.

ಕೆಲಸ ಕೊಟ್ಟ ಸಮಿತಿಯ ಅಧ್ಯಕ್ಷರು ಬಂದು ಹೌಹಾರಿದರು. "ಏನ್ರಿ ಇದು? ಮಂತ್ರಿಗಳು ಬಂದಾಗ ಇವ ಬೆನ್ನು ತೋರಸ್ತಾನಲ್ರಿ!"

"ಕಲ್ಲು ಭಾಳ ಭಾರ ಐತ್ರಿ, ತಿರುಗಾಕ ಆಗಂಗಿಲ್ಲ" ಎಂದುಬಿಟ್ಟೆ. ಉದ್ಘಾಟನೆ ಮುಗಿಯುವತನಕ ನನಗೆ ನಿದ್ದೆ ಹತ್ತಲಿಲ್ಲ.

ಅವ್ವ ಹೋಗಿ ವರ್ಷಗಳಾದವು. ಬಸ್ಸಿಗೆ ಕಾಯುವವರು ಅಪ್ಪನಿಗೇ ಒರಗಿ ನಿಲ್ಲುತ್ತಾರೆ. ಅವರ ತಲೆಯೆಣ್ಣೆ ಹತ್ತಿ ಹತ್ತಿ ಆ ಬೆನ್ನು ಕಪ್ಪಗೆ ಮಿಂಚುತ್ತದೆ. ಅದನ್ನು ನೋಡಬೇಕಾದವಳು ಮಾತ್ರ ಇಲ್ಲ.

"ಭಾಳ ಗಲೀಜಾಗೇತ್ರಿ, ತೊಳೆದು ಬಣ್ಣ ಹೊಡೀರಿ" ಎಂದು ಈಚೆಗೆ ಸಮಿತಿಯವರು ಬೆನ್ನು ಹತ್ತಿದ್ದಾರೆ. ಮಳೆಗಾಲ ಮುಗೀಲಿ, ಬಿಸಿಲು ಇಳೀಲಿ ಎಂದು ಮುಂದೂಡುತ್ತ ಬಂದಿದ್ದೇನೆ. ಸಿಮೆಂಟು ಇನ್ನೂ ಹಸಿ ಐತ್ರಿ ಎಂದು ಹೇಳುವುದೊಂದು ಬಾಕಿ.